ಕಚೇರಿಯ ಗಣಕಯಂತ್ರವೂ ಅದರ ಶಿರಸ್ತೇದಾರನೂ

೨೦೨೫ನೆಯ ಇಸವಿ ಅಕ್ಟೋಬರ್ ತಿಂಗಳು ೧೪ನೆಯ ತಾರೀಖಿನಂದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಅದುವರೆಗೆ ಕೊಡುತ್ತಿದ್ದ ಉಚಿತ ರಕ್ಷಣೆಯನ್ನು ನಿಲ್ಲಿಸಿದರು. ಈ ಸಂಗತಿಯು ನಮ್ಮ ಸೀಮೆಯಲ್ಲಿ ಹೆಚ್ಚಿನ ಚರ್ಚೆಗೆ ಬಂದಂತೆ ಕಾಣುವುದಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆಯ ಧಾರಣೆಯನ್ನು ವಿಚಾರಿಸುವವರುಂಟು. ಹನೂರಿನಲ್ಲಿ ಮಳೆಯ ಮಾತನ್ನೂ ಯಳಂದೂರಿನಲ್ಲಿ ಕೆರೆಯ ನೀರಿನ ಮಾತನ್ನೂ ಆಡುವವರುಂಟು. ಆದರೆ ಕಚೇರಿಯ ಮೇಜಿನ ಮೇಲೆ ಕುಳಿತಿರುವ ಯಂತ್ರವು ಯಾರ ಅಪ್ಪಣೆಯಿಂದ ನಡೆಯುತ್ತಿದೆ, ಆ ಅಪ್ಪಣೆಗೆ ಎಂದಿನವರೆಗೆ ಆಯುಸ್ಸು ಎಂದು ಕೇಳುವವರು ವಿರಳ. ಪಹಣಿ, ಖಾತೆ, ಜಾತಿ ಮತ್ತು ಆದಾಯದ ದೃಢೀಕರಣ ಪತ್ರ, ವೃದ್ಧಾಪ್ಯ ವೇತನದ ಆಜ್ಞೆ, ಇವೆಲ್ಲವೂ ಆ ಯಂತ್ರದ ಮೂಲಕವೇ ಜನರ ಕೈಸೇರಬೇಕಾಗಿರುವ ಈ ಕಾಲದಲ್ಲಿ ಇಂತಹ ಉದಾಸೀನವು ಒಳ್ಳೆಯದಲ್ಲವೆಂದು ನಾವು ಭಾವಿಸುತ್ತೇವೆ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಗಣಕಯಂತ್ರವನ್ನು ಕೊಂಡರೆ ಸಾಲದು. ಅದರೊಳಗೆ ಕಾರ್ಯಾಚರಣ ವ್ಯವಸ್ಥೆಯೆಂಬುದೊಂದು ಇರಬೇಕು. ಹಿಂದಿನ ತಾಲ್ಲೂಕು ಕಚೇರಿಗಳಲ್ಲಿ ಶಿರಸ್ತೇದಾರನು ಯಾವ ಕೆಲಸವನ್ನು ಮಾಡುತ್ತಿದ್ದನೋ ಯಂತ್ರದೊಳಗೆ ಇದು ಅದೇ ಕೆಲಸವನ್ನು ಮಾಡುತ್ತದೆ. ಯಾವ ಕಾಗದ ಎಲ್ಲಿರಬೇಕು, ಯಾವ ಅರ್ಜಿ ಮೊದಲು ಹೋಗಬೇಕು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲೇ ತಡೆಯಬೇಕು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಅಮಲ್ದಾರರು ಬದಲಾಗುತ್ತಿದ್ದರು, ಶಿರಸ್ತೇದಾರನು ಉಳಿಯುತ್ತಿದ್ದನು. ಆತನ ಮರ್ಜಿಯನ್ನು ಮೀರಿ ಒಂದು ಕಾಗದವೂ ಅಲುಗುತ್ತಿರಲಿಲ್ಲ. ಆದುದರಿಂದ ಆ ಸ್ಥಾನಕ್ಕೆ ಯಾರನ್ನು ನೇಮಿಸಿಕೊಂಡಿದ್ದೇವೆ, ಆತನಿಗೆ ಸಂಬಳ ಕೊಡುವವರು ಯಾರು, ಆತನು ಬರೆದಿಡುವ ಲೆಕ್ಕವನ್ನು ನಾವು ನೋಡಬಹುದೋ ಇಲ್ಲವೋ ಎಂಬ ಪ್ರಶ್ನೆಗಳು ಕೇವಲ ಯಂತ್ರಶಾಸ್ತ್ರಜ್ಞರಿಗೆ ಬಿಡತಕ್ಕವುಗಳಲ್ಲ.

ಈ ಹುದ್ದೆಗೆ ಈಗ ಮುಖ್ಯವಾಗಿ ಮೂವರು ಅಭ್ಯರ್ಥಿಗಳಿದ್ದಾರೆ. ಅವರಲ್ಲಿ ಆಪಲ್ ಕಂಪನಿಯ ಮ್ಯಾಕ್ ವ್ಯವಸ್ಥೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದು ಆ ಕಂಪನಿಯವರೇ ಮಾರುವ ಯಂತ್ರಗಳ ಜೊತೆಗೆ ಬರತಕ್ಕದ್ದು, ಅಂದವಾಗಿದೆ, ಗಟ್ಟಿಯಾಗಿದೆ, ಅದರ ಬೆಲೆಯು ಗ್ರಾಮ ಪಂಚಾಯತಿಯ ಆಯವ್ಯಯಕ್ಕೆ ನಿಲುಕತಕ್ಕದ್ದಲ್ಲ. ಉಳಿದವರು ಇಬ್ಬರು: ವಿಂಡೋಸ್ ಮತ್ತು ಲಿನಕ್ಸ್.

ವಿಂಡೋಸ್ ೧೯೮೫ರಲ್ಲಿ ಹೊರಬಂದುದು. ಇಂದು ನಮ್ಮ ಕಚೇರಿಗಳಲ್ಲಿ ಬಹುತೇಕ ಅದೇ ಇದೆ. ಅದಕ್ಕಿರುವ ಗುಣಗಳನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಕೊಳ್ಳೇಗಾಲದ ಯಾವ ಬೀದಿಯಲ್ಲಿ ಕೇಳಿದರೂ ಅದನ್ನು ರಿಪೇರಿ ಮಾಡುವ ಹುಡುಗನೊಬ್ಬನು ಸಿಕ್ಕುತ್ತಾನೆ. ಮುದ್ರಣಯಂತ್ರ, ಬೆರಳಚ್ಚು ಪರೀಕ್ಷಿಸುವ ಉಪಕರಣ, ಡಿಜಿಟಲ್ ಸಹಿಯ ಕೀಲಿ ಮೊದಲಾದವುಗಳನ್ನು ಮಾಡುವವರು ಮೊದಲು ವಿಂಡೋಸನ್ನೇ ನೆನೆದು ಮಾಡುತ್ತಾರೆ. ನಮ್ಮ ವರ್ತಕರು ಲೆಕ್ಕಕ್ಕೆ ನೆಚ್ಚಿಕೊಂಡಿರುವ ಟ್ಯಾಲಿಯೂ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದುದಾದರೂ ವಿಂಡೋಸಿನ ಆಶ್ರಯದಲ್ಲಿಯೇ ಇದೆ. ಇಷ್ಟು ಅನುಕೂಲವನ್ನು ಒಮ್ಮೆಗೇ ತೊರೆಯಿರೆಂದು ಹೇಳುವವನು ವ್ಯವಹಾರಜ್ಞನಲ್ಲ.

ಆದರೆ ಈ ಶಿರಸ್ತೇದಾರನಿಗೆ ಸಂಬಳವನ್ನೂ ನಿವೃತ್ತಿಯ ದಿನವನ್ನೂ ಗೊತ್ತುಮಾಡುವವರು ನಾವಲ್ಲ. ವಿಂಡೋಸ್ ಎಕ್ಸ್‌ಪಿಯ ರಕ್ಷಣೆ ೨೦೧೪ರ ಏಪ್ರಿಲ್ ೮ರಂದು ಮುಗಿಯಿತು. ವಿಂಡೋಸ್ ೭ರದು ೨೦೨೦ರ ಜನವರಿ ೧೪ರಂದು. ವಿಂಡೋಸ್ ೧೦ರದು ಮೇಲೆ ಹೇಳಿದ ದಿನ. ಪ್ರತಿ ಸಲವೂ ತೀರ್ಮಾನವಾದುದು ರೆಡ್ಮಂಡ್ ಎಂಬ ಊರಿನಲ್ಲಿ. ಈ ಸಲದ ವಿಶೇಷವೇನೆಂದರೆ, ಮುಂದಿನ ವಿಂಡೋಸ್ ೧೧ನ್ನು ಹಾಕಿಕೊಳ್ಳಬೇಕಾದರೆ ಯಂತ್ರದೊಳಗೆ ಒಂದು ಬಗೆಯ ರಕ್ಷಣಾ ಬಿಲ್ಲೆಯೂ ಕಂಪನಿಯು ಪಟ್ಟಿಮಾಡಿದ ಹೊಸ ತಲೆಮಾರಿನ ಸಂಸ್ಕಾರಕವೂ ಇರತಕ್ಕದ್ದು. ೨೦೧೭ಕ್ಕಿಂತ ಮೊದಲು ತಯಾರಾದ ಯಂತ್ರಗಳಲ್ಲಿ ಬಹುಪಾಲು ಆ ಪಟ್ಟಿಯಿಂದ ಹೊರಗೆ ಬಿದ್ದಿವೆ. ಯಂತ್ರವು ಕೆಟ್ಟಿಲ್ಲ, ಅಕ್ಷರ ಮೂಡುತ್ತದೆ, ಲೆಕ್ಕ ಕೂಡುತ್ತದೆ, ಆದರೂ ಅದು ಮುದಿಯೆನಿಸಿಕೊಂಡಿತು. ಹಳೆಯದನ್ನೇ ಇಟ್ಟುಕೊಳ್ಳುವೆವೆಂಬ ಸಂಸ್ಥೆಗಳು ರಕ್ಷಣೆಯ ಮುಂದುವರಿಕೆಗಾಗಿ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರುಗಳನ್ನು ತೆರಬೇಕು. ಎರಡನೆಯ ವರ್ಷ ಅದರ ಇಮ್ಮಡಿ. ಮೂರನೆಯ ವರ್ಷ ಮತ್ತೆ ಇಮ್ಮಡಿ. ಮೂರು ವರ್ಷಕ್ಕೆ ೪೨೭ ಡಾಲರು; ಅಷ್ಟರಲ್ಲಿ ಹೊಸ ಯಂತ್ರವೇ ಬರುತ್ತದೆ. ವಿದ್ಯಾಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ ಒಂದೇ ಡಾಲರು ಎಂದು ಕಂಪನಿಯವರು ಔದಾರ್ಯ ತೋರಿಸಿದ್ದಾರೆ. ಎಳೆಯ ವಯಸ್ಸಿನಲ್ಲಿ ಹಿಡಿದ ಅಭ್ಯಾಸವು ಮುಂದೆ ಎಷ್ಟು ಲಾಭಕರವೆಂಬುದನ್ನು ಅವರು ಬಲ್ಲರು.

ಲಿನಕ್ಸಿನ ಕಥೆ ಬೇರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ೧೯೮೩ರಲ್ಲಿ, ಯಾರು ಬೇಕಾದರೂ ಬಳಸಿ, ಒಳಗನ್ನು ಓದಿ, ತಿದ್ದಿ, ಇತರರಿಗೆ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವ ಸಂಕಲ್ಪವನ್ನು ಸಾರಿದರು. ಅದಕ್ಕೆ ಬೇಕಾಗಿದ್ದ ತಿರುಳನ್ನು ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಒದಗಿಸಿದರು. ಇಂದು ಜಗತ್ತಿನ ಅತಿ ವೇಗದ ೫೦೦ ಗಣಕಯಂತ್ರಗಳ ಪಟ್ಟಿಯಲ್ಲಿರುವುವೆಲ್ಲವೂ ೨೦೧೭ರ ನವೆಂಬರಿನಿಂದ ಈಚೆಗೆ ಲಿನಕ್ಸಿನಿಂದಲೇ ನಡೆಯುತ್ತಿವೆ. ಅಷ್ಟು ದೂರ ಹೋಗುವುದೇಕೆ? ಮಹದೇಶ್ವರನ ಬೆಟ್ಟಕ್ಕೆ ಹೋಗುವ ಭಕ್ತನ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳೂ ಅದೇ. ಲಿನಕ್ಸ್ ಪಂಡಿತರಿಗೆ ಮಾತ್ರ, ಪಾಮರರಿಗಲ್ಲ ಎಂಬ ಮಾತನ್ನು ಹೇಳುವ ಅಧಿಕಾರಿಗಳು ತಮ್ಮ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಬಹುದು.

ಇದರಲ್ಲಿಯೂ ಕುಂದುಗಳಿವೆ. ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಎಂದು ಒಂದೇ ದೇವರಿಗೆ ಹತ್ತಾರು ಗುಡಿಗಳು. ಹೊಸಬನು ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಗೆಡುತ್ತಾನೆ. ಕೆಲವು ಉಪಕರಣಗಳು ಇದರ ಮಾತನ್ನು ಕೇಳುವುದಿಲ್ಲ. ತೀರ ಹಳೆಯ ೩೨ ಬಿಟ್ಟಿನ ಯಂತ್ರಗಳನ್ನು ಡೆಬಿಯನ್ ಕೂಡ ೨೦೨೫ರ ಆವೃತ್ತಿಯಲ್ಲಿ ಕೈಬಿಟ್ಟಿದೆ. ಎಲ್ಲರೂ ನೋಡಬಹುದಾದುದರಿಂದ ಕಳ್ಳತನ ಸಾಧ್ಯವೇ ಇಲ್ಲವೆಂಬ ಹೊಗಳಿಕೆಯೂ ಅತಿಯಾದುದು: ೨೦೨೪ರ ಮಾರ್ಚಿಯಲ್ಲಿ ಲಿನಕ್ಸ್ ವ್ಯವಸ್ಥೆಗಳು ಬಳಸುವ ಎಕ್ಸ್‌ಜೆಡ್ ಎಂಬ ಉಪಕರಣದೊಳಗೆ ಯಾರೋ ಕಳ್ಳಬಾಗಿಲೊಂದನ್ನು ಹುದುಗಿಸಿಟ್ಟಿದ್ದುದು ಬೆಳಕಿಗೆ ಬಂತು. ಬಂದುದು ಹೇಗೆ? ಯಂತ್ರವು ಕ್ಷಣಮಾತ್ರ ತಡಮಾಡಿದ್ದನ್ನು ಗಮನಿಸಿದ ಒಬ್ಬ ಶೋಧಕನು ಒಳಗನ್ನು ತೆರೆದು ನೋಡಿದ್ದರಿಂದ. ತೆರೆದು ನೋಡುವ ಹಕ್ಕು ಆತನಿಗಿದ್ದಿತು.

ಈ ಹಕ್ಕಿನ ಬೆಲೆಯನ್ನು ನಮ್ಮ ಮೂರು ತಾಲ್ಲೂಕುಗಳ ಜನ ಇತರರಿಗಿಂತ ಚೆನ್ನಾಗಿ ಅರಿಯಬಲ್ಲರು. ೧೯೫೬ರ ನವೆಂಬರ್ ಒಂದನೆಯ ತಾರೀಖಿನವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಹನೂರೂ ಆಗ ಅದರೊಳಗೇ ಇದ್ದಿತು. ಅಲ್ಲಿಂದ ಸುಮಾರು ಹತ್ತು ಮೈಲಿಯ ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ದೊರೆತು ಮೈಸೂರು ಸಂಸ್ಥಾನದಲ್ಲಿದ್ದಿತು. ಆಡುವ ಮಾತು ಒಂದೇ, ಉಣ್ಣುವ ರಾಗಿ ಒಂದೇ, ನಡೆದುಕೊಳ್ಳುವ ಮಾದಪ್ಪನೂ ಮಂಟೇಸ್ವಾಮಿಯೂ ಒಬ್ಬರೇ. ಆದರೆ ಒಂದು ಕಡೆ ಚಿಟ್ಟಾ ಅಡಂಗಲ್, ಇನ್ನೊಂದು ಕಡೆ ಪಹಣಿ ಖಾತೆ. ಒಬ್ಬನ ಅರ್ಜಿ ಕೊಯಮತ್ತೂರಿಗೆ, ಇನ್ನೊಬ್ಬನದು ಮೈಸೂರಿಗೆ. ಎರಡು ಆಡಳಿತ ವ್ಯವಸ್ಥೆಗಳು ಹತ್ತು ಮೈಲಿಯ ಅಂತರದಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿ ಕುಳಿತಿದ್ದುವು. ಕಡೆಗೆ ಒಂದಾದಾಗ ಹಳೆಯ ದಾಖಲೆಗಳು ನಿರುಪಯುಕ್ತವಾಗಲಿಲ್ಲವೇಕೆ? ಬರೆದಿದ್ದುದು ಕಾಗದದ ಮೇಲೆ, ಮಸಿಯಲ್ಲಿ. ಕಾಗದ ಮಾರಿದವನ ಅಪ್ಪಣೆಯಿಲ್ಲದೆಯೇ ಅಕ್ಷರ ಬಲ್ಲವರು ಅದನ್ನು ಓದಬಹುದಾಗಿದ್ದಿತು.

ಇಂದಿನ ದಾಖಲೆಗಳ ಸ್ಥಿತಿ ಹಾಗಿಲ್ಲ. ಕರ್ನಾಟಕ ಸರ್ಕಾರದವರು ಭೂಮಿ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಜಮೀನು ದಾಖಲೆಗಳನ್ನು ಗಣಕಯಂತ್ರಕ್ಕೇರಿಸಿ, ಹದಿನೈದು ರೂಪಾಯಿಗೆ ಪಹಣಿಯ ಪ್ರತಿಯನ್ನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೈಗೆ ಕೊಟ್ಟು, ಗ್ರಾಮಲೆಕ್ಕಿಗರ ಬಾಗಿಲು ಕಾಯುವ ಕಷ್ಟವನ್ನು ಎಷ್ಟೋ ಮಟ್ಟಿಗೆ ತಪ್ಪಿಸಿದರು. ಇದು ದೇಶಕ್ಕೇ ಮಾದರಿಯಾದ ಕೆಲಸ. ಆದರೆ ಕಚೇರಿಗಳ ದಿನದಿನದ ಪತ್ರ, ವರದಿ, ನಡಾವಳಿಗಳ ಗತಿ ಬೇರೆಯಾಯಿತು. ಅವು ವರ್ಷಗಟ್ಟಲೆ ತಯಾರಾದುದು ವಿಂಡೋಸಿಗಾಗಿ ಮಾಡಿದ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡ ಉಳಿಯುತ್ತಿದ್ದಿತೋ ಇಲ್ಲವೋ. ಆದರೆ ಅವುಗಳ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರವು ಕನ್ನಡದ ಅಕ್ಷರವಾಗಿ ದಾಖಲಾಗುತ್ತಿರಲಿಲ್ಲ. ರೋಮನ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ತೂಗುಹಾಕಿದಂತೆ ಇದ್ದಿತು. ಆ ಅಚ್ಚಿನ ಮೊಳೆಗಳಿಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕಾಣುವುದು ನೆತ್ತಿಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ. ೧೯೫೦ರ ಅಡಂಗಲ್ಲನ್ನು ಇಂದಿಗೂ ಓದಬಹುದು. ೨೦೦೫ರ ಸಭಾನಡಾವಳಿಯನ್ನು ಓದಲು ಶಾಸನತಜ್ಞನಂತಹವನೊಬ್ಬನು ಬೇಕಾಗುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ೨೦೧೧ರಲ್ಲಿ ಸಮುದಾಯ ಅರಣ್ಯಹಕ್ಕುಗಳನ್ನು ಪಡೆದರು. ಅಂತಹ ಹಕ್ಕಿನ ಕಾಗದಪತ್ರಗಳು ಮೊಮ್ಮಕ್ಕಳ ಕಾಲಕ್ಕೂ ಓದಲು ಬರಬೇಕಾದುವು. ಅವು ಯಾವ ಕಂಪನಿಯ ಯಾವ ಆವೃತ್ತಿಯ ಆಯುಸ್ಸಿಗೂ ಕಟ್ಟುಬಿದ್ದಿರಕೂಡದು.

ಮದ್ದು ಇಲ್ಲದಿಲ್ಲ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತಪದ್ಧತಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಅದರಲ್ಲಿ ಬರೆದುದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್, ದೂರವಾಣಿ, ಯಾವುದರಲ್ಲಿ ತೆರೆದರೂ ಕನ್ನಡವು ಕನ್ನಡವಾಗಿಯೇ ಕಾಣುತ್ತದೆ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಕಚೇರಿಯ ಗುಮಾಸ್ತರ ಬೆರಳಿಗೆ ರೂಢಿಯಾದ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ನೆನಪಿನಿಂದ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಸೇರಿದೆ. ಹೊರಗಿನಿಂದ ಏನನ್ನೂ ತಂದು ಹಾಕಬೇಕಾಗಿಲ್ಲ. ನವಿಲು, ಗುಬ್ಬಿ ಎಂಬ ಮುದ್ದಾದ ಹೆಸರಿನ ಅಚ್ಚಕ್ಷರಗಳೂ ಉಚಿತವಾಗಿ ದೊರೆಯುತ್ತವೆ. ಕನ್ನಡಕ್ಕಾಗಿ ವಿಂಡೋಸನ್ನು ಬಿಡುವಂತಿಲ್ಲ ಎಂಬ ಹಳೆಯ ವಾದಕ್ಕೆ ಈಗ ಆಧಾರವುಳಿದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳೂ ಇವೆ. ಇಲ್ಲದಿರುವುದು ಪರಿವರ್ತಿಸಿರೆಂದು ಹೇಳಿ ಗಡುವು ಗೊತ್ತುಮಾಡುವ ಅಧಿಕಾರಿ.

ಇತರರು ಏನು ಮಾಡಿದ್ದಾರೆಂಬುದನ್ನೂ ನೋಡೋಣ. ನೆರೆಯ ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ಶಾಲಾ ಗಣಕಶಿಕ್ಷಣವು ಕ್ರಮೇಣ ಪೂರ್ತಿಯಾಗಿ ಲಿನಕ್ಸಿಗೆ ತಿರುಗಿತು. ೨೦೧೯ರಲ್ಲಿ ಅಲ್ಲಿಯ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚಿನ ಯಂತ್ರಗಳಿಗೆ ಉಬುಂಟುವಿನ ಮೇಲೆ ಕಟ್ಟಿದ ತಮ್ಮದೇ ಆವೃತ್ತಿಯನ್ನು ಹಾಕಿದಾಗ ೩,೦೦೦ ಕೋಟಿ ರೂಪಾಯಿ ಉಳಿತಾಯವಾಯಿತೆಂದು ಆ ಸರ್ಕಾರದವರು ಹೇಳಿಕೊಂಡರು. ಸರ್ಕಾರಗಳು ಹೇಳಿಕೊಳ್ಳುವ ಉಳಿತಾಯದಲ್ಲಿ ಅರ್ಧವನ್ನು ಕಳೆದರೂ ಮೊತ್ತವು ಸಣ್ಣದಲ್ಲ. ನಮ್ಮಲ್ಲಿಯೂ ೨೦೧೦ರ ದಶಕದ ಆದಿಯಲ್ಲಿ ವಿಷಯ ಶಿಕ್ಷಕರ ವೇದಿಕೆಯೆಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಯ ಉಪಾಧ್ಯಾಯರು ಉಬುಂಟುವಿನಲ್ಲಿಯೇ ತರಬೇತಿ ಪಡೆದರು. ಗಣಿತವನ್ನೂ ವಿಜ್ಞಾನವನ್ನೂ ಕಲಿಸುವ ಪಾಠಗಳನ್ನು ಕನ್ನಡದಲ್ಲಿ ತಾವೇ ರಚಿಸಿ ಹಂಚಿಕೊಂಡರು. ಉಪಾಧ್ಯಾಯರಿಗೆ ಕಲಿಯುವ ಶಕ್ತಿಯಿಲ್ಲವೆಂದು ಹೇಳುವವರಿಗೆ ಇದೇ ಉತ್ತರ. ಆ ಬೆಳೆಯು ಕೇರಳದಲ್ಲಿಯಂತೆ ಬೇರೂರಿ ಹಬ್ಬದೆ ಹೋದುದು ಉಪಾಧ್ಯಾಯರ ದೋಷವಲ್ಲ. ಒಂದು ಯೋಜನೆಯ ಮೇಲೆ ಇನ್ನೊಂದು ಯೋಜನೆಯನ್ನು ಬಿತ್ತಿ ಯಾವುದನ್ನೂ ಕೊಯ್ಯದಿರುವುದು ನಮ್ಮ ಇಲಾಖೆಗಳ ಹಳೆಯ ಚಾಳಿ.

ವಿರುದ್ಧ ಪಕ್ಷದವರು ಜರ್ಮನಿಯ ಮ್ಯೂನಿಕ್ ನಗರಸಭೆಯನ್ನು ಎತ್ತಿ ತೋರಿಸಿಯಾರು. ೨೦೦೩ರಲ್ಲಿ ಲಿನಕ್ಸಿಗೆ ಹೋಗಲು ನಿಶ್ಚಯಿಸಿ, ೨೦೧೩ರ ವೇಳೆಗೆ ಸುಮಾರು ೧೫,೦೦೦ ಯಂತ್ರಗಳನ್ನು ಬದಲಾಯಿಸಿದ ಆ ನಗರಸಭೆಯವರು ೨೦೧೭ರಲ್ಲಿ ವಿಂಡೋಸಿಗೆ ಮರಳಲು ನಿರ್ಣಯಿಸಿದುದು ನಿಜ. ಆ ನಿದರ್ಶನದಿಂದ ಕಲಿಯತಕ್ಕದ್ದು ಉಂಟು. ಸುತ್ತಣ ಕಚೇರಿಗಳೆಲ್ಲ ಒಂದು ಬಗೆಯ ಕಡತವನ್ನು ಕಳುಹಿಸುತ್ತಿರುವಾಗ ಒಂದೇ ಕಚೇರಿ ಬೇರೊಂದು ದಾರಿ ಹಿಡಿದರೆ ಕಷ್ಟ; ಮೇಲಿನವರ ಮನಸ್ಸು ಬದಲಾದರೆ ಕೆಳಗಿನವರ ದುಡಿಮೆ ವ್ಯರ್ಥ. ಆದುದರಿಂದಲೇ ವ್ಯವಸ್ಥೆಯನ್ನು ಬದಲಾಯಿಸುವುದಕ್ಕೆ ಮೊದಲು ಕಡತಗಳನ್ನು ಬಿಡುಗಡೆ ಮಾಡಿರೆಂದು ನಾವು ಹೇಳುವುದು. ಕಡತವು ಸ್ವತಂತ್ರವಾದರೆ ಯಾವ ಮೇಜಿನ ಮೇಲೆ ಯಾವ ಯಂತ್ರವಿದ್ದರೂ ಬಾಧಕವಿಲ್ಲ.

ಇಲ್ಲಿ ದೇಶದ ಸ್ವಾತಂತ್ರ್ಯದ ಮಾತೂ ಸೇರಿದೆ. ೨೦೨೫ರ ಜುಲೈ ತಿಂಗಳಲ್ಲಿ ಗುಜರಾತಿನಲ್ಲಿ ತೈಲಶುದ್ಧೀಕರಣ ನಡೆಸುವ ನಯಾರಾ ಎನರ್ಜಿ ಎಂಬ ಕಂಪನಿಯು, ತನ್ನ ಮೇಲೆ ಯೂರೋಪಿನ ಒಕ್ಕೂಟವು ನಿರ್ಬಂಧ ಹಾಕಿದ ಕಾರಣದಿಂದ, ಮೈಕ್ರೋಸಾಫ್ಟಿನ ಸೇವೆಗಳನ್ನು ಕೆಲವು ದಿನ ಕಳೆದುಕೊಂಡು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಬೇಕಾಯಿತು. ಭಾರತದ ನೆಲದಲ್ಲಿರುವ, ಭಾರತದ ಕಾನೂನನ್ನು ಮೀರದ ಸಂಸ್ಥೆಯೊಂದರ ಟಪಾಲು ಪೆಟ್ಟಿಗೆಯ ಬೀಗದ ಕೈ ಸಮುದ್ರದಾಚೆ ಇದ್ದಿತೆಂಬುದು ಆಗ ಎಲ್ಲರಿಗೂ ತಿಳಿಯಿತು. ಕೇಂದ್ರ ಸರ್ಕಾರದವರು ೨೦೧೫ರಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡುವ ನೀತಿಯನ್ನು ಪ್ರಕಟಿಸಿದ್ದಾರೆ. ಸಿ-ಡ್ಯಾಕ್ ಸಂಸ್ಥೆಯವರು ಬಾಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿದ್ದಾರೆ. ೨೦೨೩ರಲ್ಲಿ ರಕ್ಷಣಾ ಇಲಾಖೆಯವರು ಮಾಯಾ ಎಂಬ ತಮ್ಮ ವ್ಯವಸ್ಥೆಯ ಸುದ್ದಿಯನ್ನು ಹೊರಗೆಡಹಿದರು. ಹೆಸರಿನ ಮಾತ್ರಕ್ಕೆ ಸ್ವದೇಶಿಯೆಂದು ಮುದ್ರೆಯೊತ್ತಿದ ಸರಕು ನಮಗೆ ಬೇಕಾಗಿಲ್ಲ; ಲಿನಕ್ಸು ಫಿನ್ಲೆಂಡಿನಲ್ಲಿ ಹುಟ್ಟಿದರೇನು? ಒಳಗನ್ನು ನೋಡಲು ಬಿಡುವ ಪರದೇಶದ ಪೆಟ್ಟಿಗೆಯು ನೋಡಗೊಡದ ಸ್ವದೇಶದ ಪೆಟ್ಟಿಗೆಗಿಂತ ಮೇಲು.

ಈಗ ಆಗಬೇಕಾದ ಕೆಲಸ ಕಠಿಣವಾದುದಲ್ಲ. ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚಿನ ಉಪಕರಣಕ್ಕೂ ಸಹಿಯ ಕೀಲಿಗೂ ಅಂಟಿಕೊಂಡಿರುವ ಮೇಜುಗಳಲ್ಲಿ ವಿಂಡೋಸೇ ಇರಲಿ. ಅವುಗಳಿಗೆ ಹೊಸ ಯಂತ್ರವನ್ನು ಕೊಡುವುದು ನ್ಯಾಯ. ಮುದ್ರಣಕ್ಕೂ ಪತ್ರ ಬರೆಯುವುದಕ್ಕೂ ಜಾಲತಾಣದಲ್ಲಿ ಅರ್ಜಿ ತುಂಬುವುದಕ್ಕೂ ಇರುವ ಯಂತ್ರಗಳಲ್ಲಿ ಲಿನಕ್ಸ್ ಸಾಲದೆಂದು ಯಾರೂ ತೋರಿಸಿಕೊಟ್ಟಿಲ್ಲ; ಆ ಕೆಲಸಗಳಲ್ಲಿ ಬಹಳಷ್ಟು ಈಗ ಜಾಲದರ್ಶಕದೊಳಗೇ ನಡೆಯುತ್ತಿವೆ. ಮೊದಲು ಕೈಹಾಕಬೇಕಾದುದು ಶಾಲೆಗಳಿಗೆ. ಹನೂರಿನ ಕಾಡಂಚಿನ ಊರುಗಳಲ್ಲಿ ಅಂತರ್ಜಾಲವು ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಅಲ್ಲಿ ಒಂದು ಪೆನ್ ಡ್ರೈವಿನಲ್ಲಿ ಲಿನಕ್ಸನ್ನು ಒಯ್ದು ಶಾಲೆಯ ಹತ್ತು ಯಂತ್ರಗಳಿಗೂ ಹಾಕಬಹುದು, ಮರುದಿನ ಪಕ್ಕದ ಊರಿನ ಶಾಲೆಗೂ ಕೊಡಬಹುದು. ಕಾನೂನು ಅಡ್ಡಬರುವುದಿಲ್ಲ, ಪರವಾನಗಿಯ ಹಣವೂ ಇಲ್ಲ. ಮುದಿಯೆಂದು ಮೂಲೆಗೆ ಸೇರಬೇಕಾಗಿದ್ದ ಯಂತ್ರವು ಇನ್ನೂ ಐದಾರು ವರ್ಷ ಮಕ್ಕಳ ಕೈಗೆ ಒದಗೀತು.

ಚಾಮರಾಜನಗರದ ಜಿಲ್ಲಾಧಿಕಾರಿಗಳಿಗೂ ಶಿಕ್ಷಣ ಇಲಾಖೆಯವರಿಗೂ ನಾವು ನಿವೇದಿಸಿಕೊಳ್ಳುವುದಿಷ್ಟು. ಈ ಮೂರು ತಾಲ್ಲೂಕುಗಳ ಕಚೇರಿ ಶಾಲೆಗಳಲ್ಲಿ ವಿಂಡೋಸ್ ೧೧ಕ್ಕೆ ಒಗ್ಗದ ಯಂತ್ರಗಳೆಷ್ಟೆಂದು ಎಣಿಸಿ ಪ್ರಕಟಿಸಲಿ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತಿರುಗಿಸಲು ಪ್ರತಿ ಕಚೇರಿಗೂ ಒಬ್ಬ ಗುಮಾಸ್ತನನ್ನೂ ಒಂದು ಗಡುವನ್ನೂ ಗೊತ್ತುಮಾಡಲಿ. ಉಬುಂಟುವಿನಲ್ಲಿ ಹಿಂದೆ ತರಬೇತಿ ಪಡೆದ ಉಪಾಧ್ಯಾಯರು ಜಿಲ್ಲೆಯಲ್ಲಿ ಯಾರು ಯಾರಿದ್ದಾರೆಂದು ಹುಡುಕಿ, ಅವರ ಕೈಯಿಂದಲೇ ಯಳಂದೂರಿನಂತಹ ಚಿಕ್ಕ ತಾಲ್ಲೂಕಿನಲ್ಲಿ ಮೊದಲ ಪ್ರಯೋಗವನ್ನು ಮಾಡಿಸಲಿ. ಹೊಸ ಯಂತ್ರಗಳ ಖರೀದಿಯ ಟೆಂಡರು ಹೊರಡುವುದು ಈ ಎಣಿಕೆ ಮುಗಿದ ಮೇಲಾಗಲಿ.